ಬ್ರಿಸೇಯಿಸಳ ಹದಿನಾಲ್ಕು ಸಾಲು: ಗ್ರೀಕ್ ಪುರಾಣದ ಮರುಕಥನ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಎಡವುತ್ತದೆ

2020ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಕ್ರಿಮಿನಲ್ ನ್ಯಾಯಾಲಯದ ಎದುರಿನ ಪಾರ್ಕಿಗೆ ಏಳಡಿ ಎತ್ತರದ ಕಂಚಿನ ಮೆಡೂಸಾ, ಪುರಾಣದ ಹಾವುಗೂದಲಿನ ಹೆಣ್ಣು, ಬಂದು ನಿಂತಳು. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ, ಕಥೆಯಲ್ಲಿ ಅವಳ ತಲೆ ಕಡಿದ ವೀರ ಪರ್ಸಿಯಸನ ರುಂಡ. ಲೂಚಾನೊ ಗರ್ಬಾಟಿ 2008ರಲ್ಲೇ ಮಾಡಿದ್ದ ಶಿಲ್ಪವಿದು. ಫ್ಲಾರೆನ್ಸಿನಲ್ಲಿ ಮೆಡೂಸಾಳ ರುಂಡ ಎತ್ತಿ ಹಿಡಿದಿರುವ ಚೆಲ್ಲೀನಿಯ ಪರ್ಸಿಯಸನಿಗೆ ಕೊಟ್ಟ ಎದುರೇಟು. ಮೀ ಟೂ ದಿನಗಳಲ್ಲಿ ಅದು ಅನ್ಯಾಯಕ್ಕೊಳಗಾದ ಹೆಣ್ಣಿನ ಪ್ರತೀಕಾರವಾಗಿ ಕಂಡಿತು. ಕೂಡಲೇ ತಕರಾರೂ ಎದ್ದಿತು: ಅವಳ ಮೇಲೆ ಅತ್ಯಾಚಾರ ಮಾಡಿದವನು ಕಡಲ ದೇವರು ಪೊಸೈಡನ್, ಶಾಪ ಕೊಟ್ಟವಳು ದೇವಿ ಅಥೀನಾ, ಹಾಗಿರುವಾಗ ತಲೆ ಹೋದದ್ದು ಪರ್ಸಿಯಸನದೇಕೆ?

ವಾದಕ್ಕೆ ಇಳಿದವರಲ್ಲಿ ಬಹಳ ಮಂದಿ ‘ಮೂಲ ಗ್ರೀಕ್ ಕಥೆ’ಯ ಮಾತೆತ್ತಿದರು. ಆದರೆ ಗುಡಿಯಲ್ಲಿ ಅತ್ಯಾಚಾರ, ಅದಕ್ಕೆ ದೇವಿಯ ಶಿಕ್ಷೆ, ಕೂದಲು ಹಾವಾಗುವುದು ಎಂಬ ಸರಪಳಿ ನಮಗೆ ಸಿಗುವುದು ಗ್ರೀಕರಲ್ಲಲ್ಲ, ರೋಮಿನ ಓವಿಡನಲ್ಲಿ, ಕ್ರಿ.ಶ. 8ರ ಹೊತ್ತಿಗೆ ಮುಗಿದ ಅವನ ‘ರೂಪಾಂತರಗಳು’ ಕಾವ್ಯದ ನಾಲ್ಕನೆಯ ಪರ್ವದಲ್ಲಿ. ಅದಕ್ಕಿಂತ ಏಳುನೂರು ವರ್ಷ ಹಿಂದಿನ ಗ್ರೀಕ್ ಕವಿ ಹೆಸಿಯಾಡನಲ್ಲಿ ಮೆಡೂಸಾ ಹುಟ್ಟಿನಿಂದಲೇ ಗೊರ್ಗೊನ್ ಎಂಬ ರಾಕ್ಷಸಿ. ಮೂವರು ಅಕ್ಕತಂಗಿಯರಲ್ಲಿ ಸಾವುಳ್ಳವಳು ಅವಳೊಬ್ಬಳೇ. ಪೊಸೈಡನ್ ಅವಳೊಡನೆ ಕೂಡಿದ್ದು ಮೆತ್ತನೆಯ ಹುಲ್ಲುಗಾವಲಿನಲ್ಲಿ, ವಸಂತದ ಹೂಗಳ ನಡುವೆ. ಗುಡಿಯೂ ಇಲ್ಲ, ಶಾಪವೂ ಇಲ್ಲ. ಕ್ರಿ.ಪೂ. 490ರಲ್ಲಿ ಕವಿ ಪಿಂಡಾರ್ ಅವಳನ್ನು ಚೆಲುಗೆನ್ನೆಯವಳೆಂದು ಕರೆದ, ಅಲ್ಲಿಂದ ಚಿತ್ರದಲ್ಲೂ ಕಾವ್ಯದಲ್ಲೂ ಅವಳ ಮುಖ ನಿಧಾನವಾಗಿ ಮನುಷ್ಯರದ್ದಾಗುತ್ತ ಬಂತು.

ಓವಿಡನಲ್ಲಿ ಇನ್ನೊಂದು ಸೂಕ್ಷ್ಮವಿದೆ, ಮರುಕಥನಕಾರರು ಸಾಮಾನ್ಯವಾಗಿ ಅದನ್ನು ದಾಟಿಹೋಗುತ್ತಾರೆ. ಮೆಡೂಸಾಳಿಗಾದ ಅನ್ಯಾಯವನ್ನು ಅಲ್ಲಿ ಹೇಳುವವನು ಕವಿಯಲ್ಲ, ಪರ್ಸಿಯಸ್. ಮದುವೆಯೂಟದ ಪಂಕ್ತಿಯಲ್ಲಿ ಅತಿಥಿಯೊಬ್ಬ ಕುತೂಹಲಕ್ಕೆ ಕೇಳುತ್ತಾನೆ, ಅವನು ಉತ್ತರಿಸುತ್ತಾನೆ. ಅವಳ ಕಥೆ ನಮಗೆ ತಲುಪಿರುವುದೇ ಅವಳನ್ನು ಕೊಂದವನ ಬಾಯಿಂದ. ಇಡೀ ಕಾದಂಬರಿಗೆ ಸಾಕಾಗುವ ಎಳೆ ಇದು. ಇದನ್ನು ಬಿಟ್ಟು ಕತ್ತಿಯನ್ನು ಈ ಕೈಯಿಂದ ಆ ಕೈಗೆ ದಾಟಿಸುವುದಷ್ಟೇ ಮರುಕಥನವಾದರೆ ಒಳಗಿನದು ಒಳಗೇ ಉಳಿಯುತ್ತದೆ.

‘ಮೂಲಕ್ಕೆ ನಿಷ್ಠವೇ, ಅಲ್ಲವೇ’ ಎಂದು ಕೇಳುವುದರಿಂದ ಉಪಯೋಗವಿಲ್ಲ. ಗ್ರೀಕರಿಗೆ ಮೂಲವೆಂಬ ಒಂದೇ ಪುಸ್ತಕ ಇರಲಿಲ್ಲ. ಕ್ರಿ.ಪೂ. 431ರಲ್ಲಿ ಯೂರಿಪಿಡೀಸ್ ಮೀಡಿಯಾಳ ನಾಟಕ ಆಡಿಸಿದಾಗ, ಆಕೆಯ ಮಕ್ಕಳನ್ನು ಕೊರಿಂಥದವರೇ ಕೊಂದರೆಂಬ ಕಥೆಗಳೂ ಚಲಾವಣೆಯಲ್ಲಿದ್ದವು. ತಾಯಿಯೇ ಬೇಕೆಂದು ಕೈಯಾರೆ ಕೊಂದಳೆಂಬುದು ಅವನು ಕೊಟ್ಟ ತಿರುವೆಂದೇ ಬಹುಪಾಲು ವಿದ್ವಾಂಸರ ಎಣಿಕೆ. ಆ ವರ್ಷದ ಸ್ಪರ್ಧೆಯಲ್ಲಿ ಮೂವರಲ್ಲಿ ಅವನಿಗೆ ಮೂರನೆಯ ಸ್ಥಾನ. ಇಂದು ‘ಮೂಲ’ ಎನ್ನಿಸಿಕೊಂಡಿರುವುದು ಅದೇ. ಗೊತ್ತಿಲ್ಲದೆ ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾದ ಈಡಿಪಸ್, ಹೋಮರನಲ್ಲಿ, ನಿಜ ಬಯಲಾದ ಮೇಲೂ ಥೀಬ್ಸಿನಲ್ಲಿ ಆಳುತ್ತಲೇ ಇರುತ್ತಾನೆ, ಕಣ್ಣು ಕಿತ್ತುಕೊಂಡ ಸುದ್ದಿಯೇ ಅಲ್ಲಿಲ್ಲ. ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ ಪಂಪನನ್ನೂ, ರಾವಣನನ್ನು ಲಕ್ಷ್ಮಣನ ಕೈಯಲ್ಲಿ ಕೊಲ್ಲಿಸಿದ ನಾಗಚಂದ್ರನನ್ನೂ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೇಳಬೇಕಾದದ್ದು ಎರಡು: ಕೈಯಲ್ಲಿರುವುದು ಯಾರ ಆವೃತ್ತಿ? ಅದರ ಭಾರ ಯಾವ ಕಂಬದ ಮೇಲೆ ನಿಂತಿದೆ? ಎರಡನೆಯದಕ್ಕೆ ಉತ್ತರ ಗೊತ್ತಿಲ್ಲದೆ ಬದಲಾಯಿಸಿದಾಗಲೇ ಮರುಕಥನ ಕುಸಿಯುವುದು.

ಪರ್ಸೆಫೊನೆಯ ಕಥೆಯಲ್ಲಿ ಇದು ಇನ್ನೂ ಸ್ಪಷ್ಟ. ಪಾತಾಳದ ದೊರೆ ಹೇಡಿಸ್ ಮತ್ತು ಅವನು ಹೊತ್ತೊಯ್ದ ಪರ್ಸೆಫೊನೆ ಈಗ ವೆಬ್‌ಟೂನುಗಳಿಂದ ಹಿಡಿದು ಪ್ರೇಮ ಕಾದಂಬರಿಗಳವರೆಗೆ ಜನಪ್ರಿಯ ಜೋಡಿ. ‘ಇನ್ನೂ ಹಳೆಯ ಕಥೆಯಲ್ಲಿ ಅವಳೇ ಇಷ್ಟಪಟ್ಟು ಪಾತಾಳಕ್ಕೆ ಇಳಿದಳು, ಅಪಹರಣವನ್ನು ಗಂಡಸರು ಆಮೇಲೆ ಸೇರಿಸಿದರು’ ಎಂಬ ಮಾತು ಆ ಪುಸ್ತಕಗಳ ಜೊತೆಗೇ ಸುತ್ತುತ್ತದೆ. ಹಾಗೆನ್ನುವ ಪ್ರಾಚೀನ ಪಠ್ಯ ಒಂದೂ ಇಲ್ಲ. 1978ರಲ್ಲಿ ಚಾರ್ಲೀನ್ ಸ್ಪ್ರೆಟ್ನಾಕ್ ಎಂಬ ಅಮೆರಿಕನ್ ಲೇಖಕಿ ಹಳೆಯ ದೇವಿಯರ ಕಥೆಗಳನ್ನು ತಮ್ಮ ಊಹೆಯಂತೆ ಪುನಾರಚಿಸಿ ಬರೆದರು. ಅಲ್ಲಿಂದ ಹೊರಟದ್ದು ‘ಪ್ರಾಚೀನ ಕಥೆ’ಯಾಗಿ ತಿರುಗುತ್ತಿದೆ. ನಮ್ಮಲ್ಲಿರುವ ಹಳೆಯ ಪೂರ್ಣ ಪಠ್ಯವಾದ, ಡಿಮೀಟರ್ ದೇವಿಯನ್ನು ಕುರಿತ ಹೋಮರಿಕ್ ಸ್ತುತಿಯಲ್ಲಿ 495 ಸಾಲುಗಳಿವೆ. ಅದರಲ್ಲಿ ಹುಡುಗಿ ಕಿರುಚುತ್ತಾಳೆ, ಹೆಕಟೆ ದೇವಿಗೂ ಸೂರ್ಯನಿಗೂ ಬಿಟ್ಟರೆ ಯಾರಿಗೂ ಕೇಳಿಸುವುದಿಲ್ಲ. ತಂದೆ, ದೇವತೆಗಳ ದೊರೆ ಜ್ಯೂಸ್, ತಾಯಿಗೆ ತಿಳಿಸದೆಯೇ ಮಗಳನ್ನು ಕೊಟ್ಟುಬಿಟ್ಟಿದ್ದಾನೆ. ತಾಯಿ ಡಿಮೀಟರ್ ಬಿತ್ತಿದ ಬೀಜ ಮೊಳೆಯದಂತೆ ಮಾಡಿ ದೇವತೆಗಳನ್ನೇ ಮಣಿಸುತ್ತಾಳೆ. ಈ ಕಥೆಯ ಕಂಬ ಅದು: ತಾಯಿಯ ಸಿಟ್ಟು. ಮಗಳು ಮನಸಾರೆ ಹೋದಳೆಂದು ಬರೆದ ಗಳಿಗೆಯಲ್ಲೇ ಆ ಸಿಟ್ಟಿಗೆ ಅರ್ಥವಿಲ್ಲದಾಗಿ, ಡಿಮೀಟರ್ ಮಗಳ ಪ್ರೇಮಕ್ಕೆ ಅಡ್ಡ ನಿಂತ ಹಟಮಾರಿ ಹೆಂಗಸಾಗುತ್ತಾಳೆ. ಸ್ತ್ರೀವಾದಿ ಮರುಕಥನವೆಂದು ಹೊರಟದ್ದು ತಾಯಿಯನ್ನೇ ಖಳನಾಯಕಿ ಮಾಡಿದ ಉದಾಹರಣೆಗಳು ಒಂದೆರಡಲ್ಲ. ಪ್ರೇಮಕಥೆ ಬರೆಯಬಾರದೆಂದಲ್ಲ. ಬರೆಯುವವರು ತಾಯಿಗೆ ಬೇರೊಂದು ಕಾರಣ ಕಟ್ಟಿಕೊಡಬೇಕು, ಅಷ್ಟೇ.

ದಾಳಿಂಬೆ ಬೀಜದ ಲೆಕ್ಕವೂ ಹೀಗೆಯೇ. ಪಾತಾಳದಲ್ಲಿ ಅದನ್ನು ತಿಂದದ್ದಕ್ಕೇ ಪರ್ಸೆಫೊನೆ ವರ್ಷವರ್ಷವೂ ಅಲ್ಲಿಗೆ ಮರಳಬೇಕು. ಸ್ತುತಿಯಲ್ಲಿ ಒಂದೇ ಬೀಜ, ವರ್ಷದ ಮೂರನೆಯ ಒಂದು ಭಾಗ ಪಾತಾಳವಾಸ. ಓವಿಡನಲ್ಲಿ ಏಳು ಬೀಜ, ಆರು ತಿಂಗಳು. ಏಳು ಬೀಜ ತಿನ್ನಿಸಿ ನಾಲ್ಕು ತಿಂಗಳು ಕಳಿಸಿದರೆ ಎರಡು ಆವೃತ್ತಿ ಬೆರೆತವೆಂದು ತಿಳಿದವರಿಗೆ ಕೂಡಲೇ ಗೊತ್ತಾಗುತ್ತದೆ.

ಇಂಥ ಬೆರಕೆಯಿಂದ ತಪ್ಪಿಸಿಕೊಳ್ಳಲು ದೊಡ್ಡ ಗ್ರಂಥಾಲಯವೇನೂ ಬೇಡ. ಅಪೊಲೊಡೋರಸನ ಹೆಸರಿನಲ್ಲಿ ಪ್ರಚಲಿತವಾದ, ಕ್ರಿಸ್ತಶಕದ ಮೊದಲೆರಡು ಶತಮಾನಗಳ ಪುರಾಣ ಸಂಗ್ರಹವೊಂದಿದೆ. 1921ರಲ್ಲಿ ಫ್ರೇಜರ್ ಅದನ್ನು ಇಂಗ್ಲಿಷಿಗೆ ತಂದಾಗ ಪುಟದ ಕೆಳಗೆ ಪ್ರತಿ ಘಟನೆಯ ಬೇರೆ ಬೇರೆ ರೂಪಗಳು ಎಲ್ಲೆಲ್ಲಿವೆ ಎಂದು ಗುರುತಿಸಿದ. ಟಫ್ಟ್ಸ್ ವಿಶ್ವವಿದ್ಯಾಲಯದ ಪರ್ಸಿಯಸ್ ಡಿಜಿಟಲ್ ಗ್ರಂಥಾಲಯದಲ್ಲಿ ಅದು ಉಚಿತ. ಒಂದು ಹಾಳೆಯಲ್ಲಿ ನಾಲ್ಕು ಕಂಬಸಾಲು ಎಳೆದುಕೊಳ್ಳಿ: ಘಟನೆ, ಯಾರು ಹೇಳಿದ್ದು, ಯಾವ ಶತಮಾನ, ನಾನು ಯಾವುದನ್ನು ಹಿಡಿದೆ. ಟ್ರಾಯ್ ಯುದ್ಧದ ವೀರ ಅಕಿಲೀಸನ ಹಿಮ್ಮಡಿಯನ್ನು, ಅವನ ಮೈಯಲ್ಲಿ ಗಾಯವಾಗಬಲ್ಲ ಒಂದೇ ಜಾಗವೆನ್ನುವುದನ್ನು, ಈ ಹಾಳೆಗೆ ಇಳಿಸಿದರೆ ಕಣ್ಣು ತೆರೆಯುತ್ತದೆ. ತಾಯಿ ಅವನನ್ನು ಪಾತಾಳದ ಸ್ಟಿಕ್ಸ್ ನದಿಯಲ್ಲಿ ಅದ್ದಿದ ಕಥೆ ಆ ಯುದ್ಧದ ಮಹಾಕಾವ್ಯವಾದ ಹೋಮರನ ‘ಇಲಿಯಡ್’ನಲ್ಲಿ ಇಲ್ಲವೇ ಇಲ್ಲ, ಕ್ರಿ.ಶ. ಒಂದನೆಯ ಶತಮಾನದ ಕೊನೆಗೆ ಬರೆದ ರೋಮನ್ ಕವಿ ಸ್ಟೇಷಿಯಸನಲ್ಲಿ ಅದು ಮೊದಲು ಕಾಣುತ್ತದೆ. ಹೋಮರನ ಅಕಿಲೀಸನ ಮೈಗೆ ಈಟಿ ತಾಗಿದರೆ ರಕ್ತ ಬರುತ್ತದೆ. ಸಾಯಬಲ್ಲೆನೆಂದು ಗೊತ್ತಿದ್ದೇ ಅವನು ಯುದ್ಧಕ್ಕೆ ಇಳಿಯುವುದು. ಮೈಗೆ ಕವಚದಂಥ ವರ ಕೊಟ್ಟರೆ ಆ ಧೈರ್ಯದ ಬೆಲೆ ಅರ್ಧಕ್ಕೆ ಇಳಿಯುತ್ತದೆ.

ಮೌನದಿಂದ ಕಾದಂಬರಿ

ಈಗಿನ ಅಲೆ 2011ರಿಂದ ಏರಿತು. ಆ ವರ್ಷ ಮ್ಯಾಡೆಲಿನ್ ಮಿಲ್ಲರ್ ಅಕಿಲೀಸ್ ಮತ್ತು ಅವನ ಒಡನಾಡಿ ಪೆಟ್ರೋಕ್ಲಸರ ಪ್ರೇಮವನ್ನು ಕಾದಂಬರಿಯಾಗಿಸಿದರು, ಮರುವರ್ಷ ಅದಕ್ಕೆ ಆರೆಂಜ್ ಪ್ರಶಸ್ತಿ ಬಂತು. ‘ಇದೆಲ್ಲ ಈಗಿನವರ ತಿರುಚುವಿಕೆ’ ಎಂದು ಗೊಣಗಿದವರು ಪ್ಲೇಟೋನ ‘ಸಿಂಪೋಸಿಯಂ’ ತೆರೆದು ನೋಡಬೇಕು. ಅಲ್ಲಿ ಫೀಡ್ರಸ್, ಇಬ್ಬರಲ್ಲಿ ಯಾರು ಪ್ರೇಮಿ, ಯಾರು ಪ್ರಿಯನೆಂಬ ವಿಷಯದಲ್ಲಿ ನಾಟಕಕಾರ ಈಸ್ಕಿಲಸ್ ತಪ್ಪಿದ್ದಾನೆಂದು ಜಗಳ ತೆಗೆಯುತ್ತಾನೆ. ಹೋಮರ್ ಬಾಯಿಬಿಟ್ಟು ಹೇಳಲಿಲ್ಲ ನಿಜ, ಆದರೆ ಈ ಚರ್ಚೆಗೆ ಎರಡೂವರೆ ಸಾವಿರ ವರ್ಷ.

2018ರಲ್ಲಿ ಪ್ಯಾಟ್ ಬಾರ್ಕರ್ ಅದೇ ಟ್ರಾಯ್ ಯುದ್ಧವನ್ನು ಬ್ರಿಸೇಯಿಸಳ ಕಡೆಯಿಂದ ಬರೆದರು. ಅಕಿಲೀಸ್ ಮತ್ತು ಗ್ರೀಕ್ ಸೇನೆಯ ಒಡೆಯ ಅಗಮೆಮ್ನಾನ್ ಯಾರಿಗಾಗಿ ಕಚ್ಚಾಡಿದರೋ ಆ ಸೆರೆಯಾಳು ಹೆಣ್ಣು. ಮೌನದಿಂದ ಕಾದಂಬರಿ ಎತ್ತುವುದು ಹೇಗೆಂದು ತಿಳಿಯಲು ಅವಳಿಗಿಂತ ಒಳ್ಳೆಯ ಪಾಠವಿಲ್ಲ. ‘ಇಲಿಯಡ್’ನ 15,693 ಸಾಲುಗಳಲ್ಲಿ ಅವಳು ಮಾತಾಡುವುದು ಒಮ್ಮೆ, ಹತ್ತೊಂಬತ್ತನೆಯ ಪರ್ವದಲ್ಲಿ, ಹದಿನಾಲ್ಕು ಸಾಲು. ಅದೂ ಪೆಟ್ರೋಕ್ಲಸನ ಹೆಣದ ಮುಂದೆ. ಅಷ್ಟರಲ್ಲೇ ಏನೆಲ್ಲ ಇದೆ ನೋಡಿ. ಅಪ್ಪ ಅಮ್ಮ ನೋಡಿ ಕೊಟ್ಟ ಗಂಡ ಊರಬಾಗಿಲಲ್ಲಿ ಸೀಳಿಬಿದ್ದದ್ದನ್ನು ಕಣ್ಣಾರೆ ಕಂಡಿದ್ದಾಳೆ. ಒಡಹುಟ್ಟಿದ ಮೂವರನ್ನೂ ಕಳೆದುಕೊಂಡಿದ್ದಾಳೆ. ಗಂಡನನ್ನು ಕೊಂದವನು ಈ ಅಕಿಲೀಸನೇ. ಆಗ ಅವಳು ಅಳಹೊರಟರೆ ಪೆಟ್ರೋಕ್ಲಸ್ ಅಳಗೊಡಲಿಲ್ಲ: ಅಕಿಲೀಸನಿಗೆ ನಿನ್ನನ್ನು ಧರ್ಮಪತ್ನಿಯಾಗಿ ಮದುವೆ ಮಾಡಿಸುತ್ತೇನೆ, ಅವನ ನಾಡು ಫ್ಥಿಯಕ್ಕೆ ಕರೆದೊಯ್ದು ಮದುವೆಯೂಟ ಹಾಕಿಸುತ್ತೇನೆ ಎಂದ. ‘ಯಾವಾಗಲೂ ಮೃದುವಾಗಿದ್ದೆ ನೀನು’ ಎಂದು ಅವಳು ಮುಗಿಸುತ್ತಾಳೆ. ಅದರ ಬೆನ್ನಿಗೇ ಹೋಮರ್ ಒಂದು ಮಾತು ಸೇರಿಸುತ್ತಾನೆ: ಸುತ್ತಲಿದ್ದ ಹೆಂಗಸರೂ ಅತ್ತರು, ಹೆಸರಿಗೆ ಪೆಟ್ರೋಕ್ಲಸನಿಗಾಗಿ, ಒಳಗೆ ತಮ್ಮ ತಮ್ಮ ದುಃಖಕ್ಕಾಗಿ.

ಕೊಂದವನನ್ನೇ ಮದುವೆಯಾಗುವುದು ಆಸೆಯೋ, ಬದುಕುಳಿಯುವ ಉಪಾಯವೋ? ಹೋಮರ್ ಹೇಳುವುದಿಲ್ಲ. ಕಾದಂಬರಿಗೆ ಜಾಗ ಇರುವುದು ಅಲ್ಲಿಯೇ. ಮಾಡುವ ಕ್ರಮ ಇಷ್ಟು: ಆ ಪಾತ್ರ ಬರುವ ಪ್ರತಿಯೊಂದು ಸಾಲನ್ನೂ ಆಯ್ದು ಬರೆದುಕೊಳ್ಳುವುದು. ಬ್ರಿಸೇಯಿಸಳಿಗೆ ಇದು ಒಂದು ಸಂಜೆಯ ಕೆಲಸ. ಮೊದಲ ಪರ್ವದಲ್ಲಿ ಅವಳು ಒಲ್ಲದ ಮನಸ್ಸಿನಿಂದ ಅಗಮೆಮ್ನಾನನ ಡೇರೆಗೆ ನಡೆಯುತ್ತಾಳೆ. ಒಂಬತ್ತರಲ್ಲಿ ಅವಳನ್ನು ಮುಟ್ಟಿಲ್ಲವೆಂದು ಆಣೆಯಿಡಲು ಅವನು ಸಿದ್ಧ. ಕೊನೆಯ ಪರ್ವದಲ್ಲಿ ಅವಳು ಮತ್ತೆ ಅಕಿಲೀಸನ ಪಕ್ಕದಲ್ಲಿ ಮಲಗಿದ್ದಾಳೆ. ಈ ಸಾಲುಗಳನ್ನು ಮುಟ್ಟದೆ, ನಡುವಿನ ಖಾಲಿಯನ್ನಷ್ಟೇ ತುಂಬಬೇಕು. ಹೀಗೆ ಕಟ್ಟಿದ ಪಾತ್ರಕ್ಕೆ ಮಹಾಕಾವ್ಯವೇ ಸಾಕ್ಷಿ ನಿಲ್ಲುತ್ತದೆ. ಇದೂ ಹೊಸ ಉಪಾಯವೇನಲ್ಲ. ಓವಿಡನ ‘ನಾಯಿಕೆಯರ ಪತ್ರಗಳು’ ಸಂಕಲನದ ಮೂರನೆಯ ಪತ್ರ ಬ್ರಿಸೇಯಿಸ್ ಅಕಿಲೀಸನಿಗೆ ಬರೆದದ್ದು. ಗ್ರೀಕು ನನ್ನ ಭಾಷೆಯಲ್ಲ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು ಎಂಬ ಧಾಟಿಯಲ್ಲಿ ಅದು ಶುರುವಾಗುತ್ತದೆ.

ನಿರ್ದೋಷಿಯಾಗಿಸುವ ಚಟ

ಎಡವಟ್ಟು ಶುರುವಾಗುವುದು ಈ ಉಪಾಯವನ್ನು ಕಂಡಕಂಡವರಿಗೆಲ್ಲ ಹಚ್ಚಿದಾಗ. ಅಂಗಡಿಯ ಕಪಾಟಿನಲ್ಲಿ ಈಗ ಸಾಲುಗಟ್ಟಿ ನಿಂತಿರುವ ಪುಸ್ತಕಗಳಲ್ಲಿ ಪ್ರತಿ ಪುರಾಣಕ್ಕೂ ಒಬ್ಬಳು ನಿರೂಪಕಿ, ವರ್ತಮಾನ ಕಾಲ, ‘ಅವರು ನನ್ನ ಬಗ್ಗೆ ಸುಳ್ಳು ಹೇಳಿದರು’ ಎಂಬ ಆರಂಭ, ಕೊನೆಗೆ ನಾಯಕಿಯ ಖುಲಾಸೆ. ಬ್ರಿಸೇಯಿಸಳಿಗೆ ಈ ಅಚ್ಚು ಹೊಂದುತ್ತದೆ, ಅವಳಿಗೆ ನಿಜಕ್ಕೂ ಮಾತಿರಲಿಲ್ಲ. ಅಗಮೆಮ್ನಾನನ ಹೆಂಡತಿ ಕ್ಲೈಟೆಮ್ನೆಸ್ಟ್ರಾಳಿಗೆ ಹೊಂದುವುದಿಲ್ಲ. ಕ್ರಿ.ಪೂ. 458ರ ಈಸ್ಕಿಲಸನ ನಾಟಕದಲ್ಲಿ ಅತಿ ಹೆಚ್ಚು ಮಾತಿನ ಬಲ ಇರುವುದೇ ಅವಳಿಗೆ. ಗಂಡನ ಹೆಣದ ಮೇಲೆ ನಿಂತು, ಎರಡು ಏಟು ಹಾಕಿದೆ, ಬಿದ್ದ ಮೇಲೆ ಮೂರನೆಯದನ್ನೂ ಹಾಕಿದೆ ಎಂದು ಊರ ಹಿರಿಯರ ಮುಂದೆ ಹೇಳುತ್ತಾಳೆ. ಮೈಮೇಲೆ ಸಿಡಿದ ರಕ್ತ ಮೊಳಕೆಗೆ ಬಿದ್ದ ಮಳೆಯಂತೆ ಹಿತವಾಯಿತು ಎನ್ನುತ್ತಾಳೆ. ಮಗಳು ಇಫಿಜೀನಿಯಾಳನ್ನು ಬಲಿಗೊಟ್ಟವನಿಗೆ ಇದು ತಕ್ಕ ಶಾಸ್ತಿ ಎಂಬ ವಾದವೂ ಅವಳದೇ. ಹೊಸದಾಗಿ ಅವಳಿಗೆ ದನಿ ಕೊಡುತ್ತೇವೆಂದು ಬಂದವರು ಆ ದನಿಯನ್ನು ತಗ್ಗಿಸಿ ‘ನೊಂದ ತಾಯಿ’ಯಾಗಿಸುತ್ತಾರೆ. ಆಗ ಕಸ್ಸಾಂಡ್ರಾ ಅಡ್ಡ ಬರುತ್ತಾಳೆ. ಟ್ರಾಯಿಂದ ಸೆರೆಹಿಡಿದು ತಂದ ಆ ಹುಡುಗಿಯನ್ನೂ ಕ್ಲೈಟೆಮ್ನೆಸ್ಟ್ರಾ ಅದೇ ಮನೆಯಲ್ಲಿ ಕೊಲ್ಲುತ್ತಾಳೆ. ಅವಳ ಕೊಲೆಗೆ ಯಾವ ಖುಲಾಸೆ? ಒಂದೋ ಆ ಕೊಲೆಯನ್ನು ಬೇರೆಯವರ ತಲೆಗೆ ಕಟ್ಟುತ್ತಾರೆ, ಇಲ್ಲವೇ ಎರಡು ಸಾಲಿನಲ್ಲಿ ಜಾರಿಕೊಳ್ಳುತ್ತಾರೆ.

ಇಥಾಕದ ದೊರೆ ಒಡಿಸ್ಯೂಸನ ಮನೆಗೆಲಸದ ದಾಸಿಯರ ವಿಷಯದಲ್ಲೂ ಇದೇ ಪರೀಕ್ಷೆ. ‘ಒಡಿಸ್ಸಿ’ಯ ಇಪ್ಪತ್ತೆರಡನೆಯ ಪರ್ವದಲ್ಲಿ ಮನೆಯ ಐವತ್ತು ದಾಸಿಯರಲ್ಲಿ ಹನ್ನೆರಡು ಮಂದಿಯನ್ನು, ಒಡೆಯನ ಹೆಂಡತಿಯ ಹಿಂದೆ ಬಿದ್ದವರೊಡನೆ ಕೂಡಿದರೆಂದು, ಹಡಗಿನ ಹಗ್ಗಕ್ಕೆ ನೇಣು ಹಾಕುತ್ತಾರೆ. ಕತ್ತಿಯಿಂದ ಕೊಲ್ಲು ಎಂದು ಒಡಿಸ್ಯೂಸ್ ಹೇಳಿದ್ದ, ಅಂಥ ಮರ್ಯಾದೆಯ ಸಾವು ಬೇಡವೆಂದು ನೇಣು ಆರಿಸಿದವನು ಮಗ ಟೆಲಿಮಾಕಸ್. ಮಾರ್ಗರೆಟ್ ಅಟ್‌ವುಡ್ 2005ರಲ್ಲಿ ಆ ಹೆಂಡತಿ ಪೆನೆಲೊಪೆಯ ಬಾಯಿಂದ ಕಥೆ ಹೇಳಿಸಿದಾಗ ಈ ಹನ್ನೆರಡು ಮಂದಿಯನ್ನು ಮೇಳವಾಗಿ ನಿಲ್ಲಿಸಿದರು. ನಿರೂಪಕಿಯನ್ನೇ ಅವರು ಪ್ರಶ್ನಿಸುವಂತೆ ಮಾಡಿದ್ದರಿಂದ ಪೆನೆಲೊಪೆ ಸುಲಭವಾಗಿ ನಿರ್ದೋಷಿಯಾಗಲಿಲ್ಲ. ಅನಂತರ ಬಂದ ಹಲವರು ನಿರೂಪಕಿಯನ್ನು ಹಿಡಿದರು, ಮೇಳವನ್ನು ಬಿಟ್ಟರು.

ದೇವರನ್ನು ತೆಗೆದರೆ ಏನು ಬೀಳುತ್ತದೆ

ಇನ್ನೊಂದು ದಾರಿ ದೇವತೆಗಳನ್ನು ಕೈಬಿಟ್ಟು ವಾಸ್ತವವಾಗಿ ಹೇಳುವುದು. ಭೈರಪ್ಪನವರ ‘ಪರ್ವ’ ಓದಿದವರಿಗೆ ಈ ದಾರಿಯ ಬಲವೂ ಕಷ್ಟವೂ ಗೊತ್ತು: ಪವಾಡ ತೆಗೆದ ಪ್ರತಿ ಜಾಗಕ್ಕೂ ಮನುಷ್ಯರ ಕಾರಣವೊಂದನ್ನು ದುಡಿದು ತರಬೇಕು. 2004ರ ‘ಟ್ರಾಯ್’ ಸಿನಿಮಾ ಆ ದುಡಿಮೆಯಲ್ಲಿ ಜಾರಿತು. ‘ಇಲಿಯಡ್’ನ ಮೂರನೆಯ ಪರ್ವದಲ್ಲಿ, ಹೆಲೆನಳನ್ನು ಕರೆದೊಯ್ದ ಟ್ರಾಯ್ ರಾಜಕುಮಾರ ಪ್ಯಾರಿಸ್ ಮತ್ತು ಅವಳ ಗಂಡ ಮೆನೆಲಾಸರ ದ್ವಂದ್ವಯುದ್ಧ. ಪ್ಯಾರಿಸ್ ಸೋಲುವ ಹೊತ್ತಿಗೆ ಪ್ರೇಮದೇವಿ ಅಫ್ರೊಡೈಟಿ ಮಂಜು ಮುಸುಕಿಸಿ ಅವನನ್ನು ಎತ್ತಿಕೊಂಡು ಹೋಗಿ ಮಲಗುಮನೆಗೆ ಸೇರಿಸುತ್ತಾಳೆ. ಸಿನಿಮಾದಲ್ಲಿ ದೇವಿ ಇಲ್ಲ. ಪ್ಯಾರಿಸ್ ತೆವಳಿಕೊಂಡು ಅಣ್ಣ ಹೆಕ್ಟರನ ಕಾಲು ಹಿಡಿಯುತ್ತಾನೆ, ಹೆಕ್ಟರ್ ಮೆನೆಲಾಸನನ್ನು ಇರಿದು ಕೊಲ್ಲುತ್ತಾನೆ. ಅಲ್ಲಿಗೆ ಹೆಲೆನಳನ್ನು ಮನೆಗೆ ಕರೆದೊಯ್ಯಲು ಗಂಡನೇ ಇಲ್ಲ. ‘ಒಡಿಸ್ಸಿ’ಯ ನಾಲ್ಕನೆಯ ಪರ್ವದಲ್ಲಿ ಸ್ಪಾರ್ಟಾದ ಅರಮನೆಯಲ್ಲಿ ಗಂಡಹೆಂಡಿರು ಹಳೆಯ ಯುದ್ಧದ ಬಗ್ಗೆ ಒಬ್ಬರನ್ನೊಬ್ಬರು ಚುಚ್ಚುತ್ತ ಕೂತಿರುವ ಆ ಅಪೂರ್ವ ದೃಶ್ಯ ಅಸಾಧ್ಯ. ಯುದ್ಧಕ್ಕೆ ಕಾರಣವಾದ ಗಂಡನೇ ಸತ್ತ ಮೇಲೆ ಸೈನ್ಯ ಯಾಕೆ ನಿಂತಿದೆ ಎಂಬುದಕ್ಕೆ ಅಗಮೆಮ್ನಾನನ ರಾಜ್ಯದಾಹವನ್ನು ಹಿಗ್ಗಿಸಬೇಕಾಯಿತು. ಆಮೇಲೆ ಅವನನ್ನು ಟ್ರಾಯಲ್ಲೇ ಬ್ರಿಸೇಯಿಸಳ ಕೈಯಲ್ಲಿ ಕೊಲ್ಲಿಸಿದ್ದರಿಂದ ಕ್ಲೈಟೆಮ್ನೆಸ್ಟ್ರಾಳ ಕಥೆಯೂ ಮುಳುಗಿತು. ಎಳೆದದ್ದು ಒಂದು ದಾರ, ಬಿಚ್ಚಿದ್ದು ಮೂರು ಕಥೆ.

‘ಒಡಿಸ್ಸಿ’ಯಲ್ಲಿ ತಪ್ಪುವುದು ಅನುಕ್ರಮ. ಕ್ರಿಸ್ಟೋಫರ್ ನೋಲನ್ ಅದನ್ನು ಸಿನಿಮಾಕ್ಕೆ ಎತ್ತಿಕೊಂಡ ಮೇಲೆ ಕಥೆಯ ಸಾರಾಂಶಗಳು ಎಲ್ಲೆಡೆ ಹುಟ್ಟಿಕೊಂಡಿವೆ. ಬಹುತೇಕ ಎಲ್ಲವೂ ಟ್ರಾಯಿಂದ ಹೊರಟು ಒಕ್ಕಣ್ಣಿನ ರಾಕ್ಷಸ, ಮಾಟಗಾತಿ ಕಿರ್ಕೆ, ಹಾಡಿ ಸೆಳೆಯುವ ಸೈರನ್ನರು ಎಂದು ಸಾಲಾಗಿ ಹೇಳುತ್ತವೆ. ಕಾವ್ಯದಲ್ಲಿ ನಾಯಕ ಕಣ್ಣಿಗೆ ಬೀಳುವುದೇ ಐದನೆಯ ಪರ್ವದಲ್ಲಿ. ರಾಕ್ಷಸರ ಕಥೆಗಳೆಲ್ಲ ಒಂಬತ್ತರಿಂದ ಹನ್ನೆರಡು, ಇಪ್ಪತ್ತನಾಲ್ಕರಲ್ಲಿ ನಾಲ್ಕೇ ಪರ್ವ. ಅವನ್ನು ಹೇಳುವವನೂ ಕವಿಯಲ್ಲ, ಅಪರಿಚಿತ ರಾಜನ ಊಟದ ಪಂಕ್ತಿಯಲ್ಲಿ ಕೂತು ಊರಿಗೆ ಹೋಗಲು ಹಡಗು ಸಂಪಾದಿಸಬೇಕಾಗಿರುವ ಒಡಿಸ್ಯೂಸ್. ಇಥಾಕ ಸೇರಿದ ಮೇಲೆ ಅವನು ಎದುರಾದವರಲ್ಲಿ ಹಲವರಿಗೆ ಕ್ರೀಟಿನವನೆಂದು ಸುಳ್ಳು ಕಥೆ ಕಟ್ಟುತ್ತಾನೆ, ಅಥೀನಾಳಿಗೂ ಸಹ. ಇಂಥವನ ಬಾಯಿಯ ರಾಕ್ಷಸರನ್ನು ಸುದ್ದಿಯಂತೆ ನೇರವಾಗಿ ಹೇಳಿದರೆ ಕಾವ್ಯದ ಅರ್ಧ ಕುಚೇಷ್ಟೆ ಹೋಯಿತು. ಹತ್ತು ವರ್ಷದ ಅಲೆದಾಟವೆನ್ನುವುದರಲ್ಲಿ ಏಳು ವರ್ಷ ಕ್ಯಾಲಿಪ್ಸೊಳ ದ್ವೀಪ, ಒಂದು ವರ್ಷ ಕಿರ್ಕೆಯ ಮನೆ ಎಂಬ ಲೆಕ್ಕವನ್ನೂ ಮಕ್ಕಳ ಪುಸ್ತಕಗಳು ಮೆಲ್ಲಗೆ ನುಂಗುತ್ತವೆ. ಮಕ್ಕಳಿಗೆ ಹೇಳುವಾಗ ಅದು ಸರಿಯೇ. ದೊಡ್ಡವರಿಗೂ ಅದೇ ಪುಸ್ತಕ ಆಧಾರವಾಗುವುದು ಸರಿಯಲ್ಲ.

ಕನ್ನಡದಲ್ಲಿ ಹೇಳುವಾಗ

ಕನ್ನಡದ ಓದುಗರಿಗೆ ಶಾಪ, ವರ, ದೇವತೆಗಳ ಹೊಟ್ಟೆಕಿಚ್ಚು ಯಾವುದೂ ಹೊಸದಲ್ಲ. ಅಪಾಯ ಇರುವುದೂ ಆ ಸಲಿಗೆಯಲ್ಲೇ. ಜ್ಯೂಸ್ ಎಂದರೆ ಇಂದ್ರ, ಹೇಡಿಸ್ ಎಂದರೆ ಯಮ, ಅಕಿಲೀಸ್ ಎಂದರೆ ಕರ್ಣ ಎಂದು ಸಮೀಕರಣ ಬರೆದರೆ ಕೆಲಸ ಹಗುರ. ಆದರೆ ‘ಹೆಕ್ಟರ್ ವೀರಸ್ವರ್ಗ ಸೇರಿದ’ ಎಂದು ಒಂದು ವಾಕ್ಯ ಬರೆದು ನೋಡಿ, ‘ಇಲಿಯಡ್’ ಅಲ್ಲಿಗೆ ಮುಗಿಯಿತು. ಹೋಮರನ ಲೋಕದಲ್ಲಿ ರಣದಲ್ಲಿ ಮಡಿದವನಿಗೆ ಸ್ವರ್ಗವಿಲ್ಲ, ಮರುಜನ್ಮವಿಲ್ಲ. ಪುಣ್ಯಪಾಪ ತೂಗಿ ಕೊಡುವ ಧರ್ಮರಾಜನ ಕೆಲಸ ಹೇಡಿಸನದ್ದಲ್ಲ. ಸತ್ತವರೆಲ್ಲ ಕತ್ತಲಲ್ಲಿ ನೆರಳಾಗಿ ತೇಲುತ್ತಾರೆ. ‘ಒಡಿಸ್ಸಿ’ಯ ಹನ್ನೊಂದನೆಯ ಪರ್ವದಲ್ಲಿ ಅಕಿಲೀಸನೇ ಹೇಳುತ್ತಾನೆ: ಸತ್ತವರಿಗೆಲ್ಲ ದೊರೆಯಾಗಿರುವುದಕ್ಕಿಂತ ತುಂಡುಭೂಮಿ ಇಲ್ಲದ ಬಡವನ ಕೈಕೆಳಗೆ ಕೂಲಿಯಾಗಿ ಬದುಕಿರುವುದೇ ಲೇಸು. ಕೈಗೆ ಉಳಿಯುವುದು ಹಾಡಿನಲ್ಲಿ ಉಳಿಯುವ ಹೆಸರೊಂದೇ. ಅದಕ್ಕಾಗಿ ಪ್ರಾಣ ಕೊಡುವುದು ಲಾಭವೋ ನಷ್ಟವೋ ಎಂಬುದೇ ಆ ಕಾವ್ಯದ ಕುದಿ. ಈಡಿಪಸನಿಗೆ ‘ಪೂರ್ವಜನ್ಮದ ಕರ್ಮ’ ಹಚ್ಚಿದರೂ ಇದೇ ಗತಿ. ಅವನಿಗೆ ಅಂಟಿದ್ದು ಗೊತ್ತಿದ್ದೋ ಗೊತ್ತಿಲ್ಲದೆಯೋ ಮುಟ್ಟಿದ್ದರಿಂದ ಹರಡುವ ಮೈಲಿಗೆ, ಊರಿಗೇ ರೋಗ ತರುವಂಥದ್ದು. ‘ಮೈಲಿಗೆ’ ಎಂದರೆ ನಮ್ಮಲ್ಲಿ ಜಾತಿಯ ನೆನಪೂ ಏಳುತ್ತದೆ. ಸೂತಕವೆಂದರೆ ಅಷ್ಟು ಏಳುವುದಿಲ್ಲ, ಆದರೆ ಅದಕ್ಕೆ ಹತ್ತನೆಯ ದಿನವೋ ಹದಿಮೂರನೆಯ ದಿನವೋ ಮುಕ್ತಾಯವಿದೆ, ಈಡಿಪಸನದಕ್ಕೆ ಇಲ್ಲ. ಆಯ್ಕೆ ಬರೆಯುವವರದು, ಯಾವುದೂ ಪುಕ್ಕಟೆಯಲ್ಲ.

ಬಿ.ಎಂ. ಶ್ರೀಕಂಠಯ್ಯನವರು 1929ರ ‘ಅಶ್ವತ್ಥಾಮನ್’ನಲ್ಲಿ ಇಡೀ ಸಮಸ್ಯೆಯನ್ನು ಬೇರೆ ರೀತಿ ಬಗೆಹರಿಸಿದರು. ಗ್ರೀಕ್ ನಾಟಕಕಾರ ಸಾಫೊಕ್ಲೀಸನ ಏಜಾಕ್ಸ್ ಅವಮಾನದಿಂದ ಕುದಿದು, ಅಥೀನಾ ಕವಿಸಿದ ಹುಚ್ಚಿನಲ್ಲಿ ದನಕುರಿಗಳನ್ನು ಶತ್ರುಗಳೆಂದು ಕಡಿದು, ಎಚ್ಚರಾದ ಮೇಲೆ ನಾಚಿ ತನ್ನ ಕತ್ತಿಯ ಮೇಲೇ ಬೀಳುತ್ತಾನೆ. ಆ ಪಾತ್ರವನ್ನು ಅವರು ಅಶ್ವತ್ಥಾಮನ ಮೈಗೆ ತೊಡಿಸಿದರು. ರಾತ್ರಿ ಹತ್ಯೆಯ ಕಳಂಕ, ಅವಮಾನ, ಹಠ ಎಲ್ಲ ಹೊಂದಿದವು. ಹೊಂದದ್ದು ಒಂದೇ: ಅಶ್ವತ್ಥಾಮ ಚಿರಂಜೀವಿ. ಗ್ರೀಕ್ ದುರಂತಕ್ಕೆ ಅವನು ಸಾಯಲೇಬೇಕು. ಶ್ರೀಯವರು ಸಾಯಿಸಿದರು. ಭಾರತದ ಕಂಬವೊಂದನ್ನು ಕಡಿದು ಗ್ರೀಕರ ಕಂಬವನ್ನು ಉಳಿಸಿಕೊಂಡರು, ತಿಳಿದೂ ತಿಳಿದೂ. ಲಂಕೇಶರು ಈಡಿಪಸ್ ಮತ್ತು ಅಂತಿಗೊನೆಯನ್ನು ಕನ್ನಡಕ್ಕೆ ತಂದಾಗ ಥೀಬ್ಸನ್ನು ಥೀಬ್ಸಾಗಿಯೇ ಬಿಟ್ಟು ಮಾತನ್ನು ಮಾತ್ರ ನಮ್ಮದಾಗಿಸಿದರು. ಎರಡೂ ದಾರಿ ಇವತ್ತಿಗೂ ತೆರೆದಿವೆ. ಅರ್ಧ ಇದು ಅರ್ಧ ಅದು ಮಾಡಿದ ಪುಸ್ತಕಗಳೇ ಕಾಲು ಜಾರುವುದು.

ಇಂಗ್ಲಿಷಿನಲ್ಲಿ ಬರೆಯುವವರಿಗೆ ಇಲ್ಲದ ಒಂದು ತೊಡಕು ನಮಗಿದೆ. ಹೋಮರನಲ್ಲಿ ಎದುರಿಗಿರುವ ಒಬ್ಬರಿಗೆ ಒಂದೇ ಸಂಬೋಧನೆ, ಇಂಗ್ಲಿಷಿನಲ್ಲೂ ಹಾಗೆಯೇ. ಕನ್ನಡದಲ್ಲಿ ಬ್ರಿಸೇಯಿಸ್ ಬಾಯಿ ತೆರೆದ ಕೂಡಲೇ ಅಕಿಲೀಸನಿಗೆ ‘ನೀನು’ ಎನ್ನುತ್ತಾಳೋ ‘ನೀವು’ ಎನ್ನುತ್ತಾಳೋ ತೀರ್ಮಾನವಾಗಬೇಕು. ‘ನೀವು’ ಎಂದರೆ ದಾಸಿ, ‘ನೀನು’ ಎಂದರೆ ಹಾಸಿಗೆಯ ಸಲಿಗೆಯೋ ಒಳಗಿನ ತಿರಸ್ಕಾರವೋ. ಸಂದರ್ಭಕ್ಕೆ ತಕ್ಕಂತೆ ಬದಲಾಯಿಸಿದರೆ ಆ ಬದಲಾವಣೆಯೇ ಕಥೆ ಹೇಳುತ್ತದೆ: ಜನರ ಮುಂದೆ ‘ನೀವು’, ಕೋಪದಲ್ಲಿ ಒಮ್ಮೆ ‘ನೀನು’. ‘ಇಲಿಯಡ್’ನ ಆರನೆಯ ಪರ್ವದಲ್ಲಿ ಆಂಡ್ರೊಮಕೆ ಹೆಕ್ಟರನಿಗೆ ನೀನೇ ತಂದೆ, ನೀನೇ ತಾಯಿ, ನೀನೇ ಒಡಹುಟ್ಟು, ನೀನೇ ಗಂಡ ಎನ್ನುತ್ತಾಳೆ. ಅವಳ ತಂದೆಯನ್ನೂ ಏಳು ಸೋದರರನ್ನೂ ಅಕಿಲೀಸ್ ಕೊಂದಿದ್ದಾನೆ. ‘ನೀವೇ ತಂದೆ, ನೀವೇ ತಾಯಿ’ ಎಂದು ಬರೆದರೆ ಅದು ಯಜಮಾನರ ಮುಂದೆ ಸಲ್ಲಿಸಿದ ಅರ್ಜಿಯಂತೆ ಕೇಳಿಸುತ್ತದೆ.

ಹೆಸರುಗಳ ವಿಷಯದಲ್ಲಿ ನಮ್ಮ ಲಿಪಿ ಅದೃಷ್ಟಶಾಲಿ. ಗ್ರೀಕಿನಲ್ಲಿ ಎ ಮತ್ತು ಏ, ಒ ಮತ್ತು ಓ ಬೇರೆ ಬೇರೆ ಅಕ್ಷರಗಳು, ಕನ್ನಡದಲ್ಲೂ ಅಷ್ಟೇ. ಪೇನೆಲೊಪೇ ಎಂದು ಸರಿಯಾಗಿ ಬರೆಯಬಲ್ಲೆವು. ಹಾಗೆಂದು ಹೋಮರನನ್ನು ಹೊಮೇರೊಸ್ ಮಾಡಲು ಹೋದರೆ ಓದುಗರು ಪುಸ್ತಕ ಮುಚ್ಚುತ್ತಾರೆ. ಬಳಕೆಯಲ್ಲಿ ಕೂತುಹೋದ ಹೆಸರುಗಳನ್ನು (ಹೆಲೆನ್, ಟ್ರಾಯ್, ಈಡಿಪಸ್) ಹಾಗೇ ಬಿಟ್ಟು, ಪರಿಚಯವಿಲ್ಲದವನ್ನು ಗ್ರೀಕಿನಿಂದ ನೇರ ತರುವುದು ವಾಸಿ: ‘ಸರ್ಸಿ’ಗಿಂತ ಕಿರ್ಕೆ. ರೋಮನ್ ಹೆಸರುಗಳನ್ನು ನಡುವೆ ನುಗ್ಗಿಸಬಾರದು; ಒಂದು ಪುಟದಲ್ಲಿ ಒಡಿಸ್ಯೂಸ್, ಇನ್ನೊಂದರಲ್ಲಿ ಯುಲಿಸೀಸ್ ಬಂದರೆ ಇಬ್ಬರೆಂದೇ ತಿಳಿದಾರು. ಥೆಟಿಸ್, ಬ್ರಿಸೇಯಿಸ್, ಆರ್ಟೆಮಿಸ್ ಇವೆಲ್ಲ ಗಂಡಸರ ಹೆಸರಿನಂತೆ ಕೇಳುತ್ತವೆ. ಮೊದಲ ಬಾರಿ ಬಂದಾಗಲೇ ‘ಬಂದಳು’ ಎಂಬ ಕ್ರಿಯಾಪದವೋ ‘ತಾಯಿ ಥೆಟಿಸ್’ ಎಂಬ ಗುರುತೋ ಇರಲಿ.

ಇಷ್ಟೆಲ್ಲದರ ನಡುವೆ ಈಗಿನ ಮರುಕಥನಗಳಲ್ಲಿ ಅಪರೂಪವಾಗಿರುವುದು ನಗು. ಅಥೆನ್ಸಿನ ಡಯೊನಿಸಸ್ ಉತ್ಸವದಲ್ಲಿ ಪ್ರತಿ ಕವಿಯೂ ಮೂರು ದುರಂತ ನಾಟಕಗಳ ಬೆನ್ನಿಗೆ ಒಂದು ಸೇಟರ್ ನಾಟಕ ಕೊಡಬೇಕಿತ್ತು, ಅದೇ ಪುರಾಣಗಳನ್ನು ಅರೆಮನುಷ್ಯ ಅರೆಪ್ರಾಣಿಗಳಾದ ಕುಡುಕ, ಪುಕ್ಕಲ ಸೇಟರರ ಮೇಳದೊಂದಿಗೆ ಹಾಸ್ಯಕ್ಕೆ ಎಳೆಯುವಂಥದ್ದು. ಪೂರ್ತಿಯಾಗಿ ಉಳಿದಿರುವುದು ಯೂರಿಪಿಡೀಸನ ‘ಸೈಕ್ಲೊಪ್ಸ್’ ಒಂದೇ. ಈ ನಗುವಿನ ಸಾಲು ಈಜಿಪ್ಟಿನ ಆಕ್ಸಿರಿಂಕಸ್‌ವರೆಗೂ ಬಂತು. ಅಲ್ಲಿನ ತಿಪ್ಪೆಯಲ್ಲಿ ಸಿಕ್ಕ ಕ್ರಿ.ಶ. ಎರಡನೆಯ ಶತಮಾನದ ಪಪೈರಸ್ಸೊಂದರಲ್ಲಿ ಒಂದು ಪ್ರಹಸನವಿದೆ, 1903ರಲ್ಲಿ ಪ್ರಕಟವಾದದ್ದು. ಪರದೇಶದ ಗುಡಿಯಲ್ಲಿ ಸಿಕ್ಕಿಬಿದ್ದ ಗ್ರೀಕ್ ಹೆಣ್ಣು, ಬಿಡಿಸಲು ಬರುವ ಸೋದರ, ಸಮುದ್ರದ ದಾರಿಯಲ್ಲಿ ಪಲಾಯನ: ಯೂರಿಪಿಡೀಸನಲ್ಲಿ ಬಲಿಯಿಂದ ಪಾರಾಗಿ ಉಳಿಯುವ ಇಫಿಜೀನಿಯಾಳ ಕಥೆಯೇ. ನಾಯಕಿಯ ಹೆಸರು ಮಾತ್ರ ಚಾರಿಷನ್, ಜಾಗ ಭಾರತದ ಕಡಲತೀರ. ರಾಜನಿಗೆ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ ಮಲಗಿಸುವ ಉಪಾಯ ಒಕ್ಕಣ್ಣಿನ ರಾಕ್ಷಸನ ಕಥೆಯಿಂದ ಎತ್ತಿದ್ದು. ವಿದೂಷಕನ ಮುಖ್ಯ ಆಯುಧ ಹೂಸು. ಯೂರಿಪಿಡೀಸನಲ್ಲಿ ಓಡಿಹೋಗುವವರು ದೇವಿಯ ವಿಗ್ರಹವನ್ನೇ ಹೊತ್ತೊಯ್ಯುತ್ತಾರೆ. ಇಲ್ಲಿ ವಿದೂಷಕ ಗುಡಿಯ ಕಾಣಿಕೆ ಕದಿಯೋಣವೆಂದರೆ ಚಾರಿಷನ್ ಬೈದು ತಡೆಯುತ್ತಾಳೆ. ಸ್ಥಳೀಯರ ಬಾಯಲ್ಲಿ ಬರುವ ಗ್ರೀಕೇತರ ಮಾತುಗಳಲ್ಲಿ ಕೆಲವು ಕನ್ನಡವೆಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಜ್ ವಾದಿಸಿದರು, ಗೋವಿಂದ ಪೈಗಳೂ ಅದರ ಬೆನ್ನು ಹತ್ತಿದರು, ಒಪ್ಪದ ವಿದ್ವಾಂಸರೂ ಇದ್ದಾರೆ. ಮಾತು ಯಾವ ಭಾಷೆಯದೇ ಆಗಲಿ, ಆ ಪ್ರಹಸನವನ್ನು ಗುಡಿಯ ಕಡೆಯ ಜನರ ಬಾಯಿಂದ, ಕುಡಿದು ಬಿದ್ದು ಮರುದಿನ ತಲೆನೋವಿನಲ್ಲಿ ಎದ್ದ ರಾಜನ ಬಾಯಿಂದ ಹೇಳುವ ಕೆಲಸಕ್ಕೆ ಪಪೈರಸ್ಸಿನಲ್ಲಿ ಬೇಕಾದಷ್ಟು ಖಾಲಿ ಜಾಗವಿದೆ.